ಇದ್ದ ಬಟ್ಟೆಗೆ ಕೌದಿ, ಇಲ್ಲದ ಬಟ್ಟೆಗೆ ಅಚ್ಚು

ಅಪ್ಪ ಒಂದು ನಾಡಿನವರು, ಅಮ್ಮ ಇನ್ನೊಂದು ನಾಡಿನವರು ಆಗಿರುವ ಮನೆಯಲ್ಲಿ ಹಳೆಯ ಬಟ್ಟೆಯ ಗಂಟು ಬಿಚ್ಚಿದರೆ ಹೆಚ್ಚಿನಂಶ ಒಂದು ಕಡೆಯದೇ ಸಿಗುತ್ತದೆ. ಧಾರವಾಡದ ಅಜ್ಜಿಯ ಇಳಕಲ್ ಸೀರೆಗಳಿರುತ್ತವೆ, ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ತುಂಡುಗಳಿರುತ್ತವೆ. ಇನ್ನೊಬ್ಬ ಅಜ್ಜಿಯದು ಒಂದು ಕರ್ಚೀಫೂ ಇರುವುದಿಲ್ಲ. ಊರು ಬಿಟ್ಟು ಬರುವಾಗ ಬಟ್ಟೆ ಅಲ್ಲೇ ಉಳಿದಿರುತ್ತದೆ, ಇಲ್ಲವೇ ಮದುವೆಗೆ ಒಪ್ಪದ ಮನೆಯವರು ಏನನ್ನೂ ಕೊಟ್ಟಿರುವುದಿಲ್ಲ. ಹೀಗಿರುವಾಗ ಎರಡೂ ಕಡೆಯನ್ನು ಒಂದೇ ಬಟ್ಟೆಯಲ್ಲಿ ತರಲು ಹೊರಟವರು ಸಾಮಾನ್ಯವಾಗಿ ಸುಲಭದ ದಾರಿ ಹಿಡಿಯುತ್ತಾರೆ: ಇತ್ತ ಒಂದು ಕಸೂತಿ ಗೋಪುರ, ಅತ್ತ ಆ ದೇಶದ ಒಂದು ಹಕ್ಕಿ, ನಡುವೆ ಒಂದು ಗೆರೆ. ಆಗುವುದು ಪ್ರವಾಸೋದ್ಯಮ ಇಲಾಖೆಯ ಪೋಸ್ಟರ್, ಮನೆತನದ ಬಟ್ಟೆಯಲ್ಲ.

ಇದಕ್ಕಿಂತ ನೇರವಾದ ದಾರಿಯೊಂದಿದೆ. ಕೌದಿಗೆ, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಪದರವಾಗಿ ಹೊಲಿದ ಹೊದಿಕೆಗೆ, ಬೇಕಾಗುವುದು ಉಟ್ಟು ಸವೆದ ಬಟ್ಟೆ, ಕೈಯಲ್ಲಿ ಇರುವ ವಸ್ತು. ಅಚ್ಚಿಗೆ ಮೂಲ ಬಟ್ಟೆ ಬೇಕಿಲ್ಲ. ಒಂದು ಫೋಟೋದಲ್ಲಿ ಕಂಡ ಅಂಚು, ನೆನಪಿನಲ್ಲಿ ಉಳಿದ ಹೂವು ಸಾಕು. ಇರುವ ಕಡೆಯದನ್ನು ತುಂಡುಗಳಾಗಿ ಹೊಲಿಯಿರಿ, ಇಲ್ಲದ ಕಡೆಯದನ್ನು ಅಚ್ಚು ಕೊರೆದು ಮುದ್ರಿಸಿ, ಆಮೇಲೆ ಎರಡನ್ನೂ ಒಂದೇ ಹೊಲಿಗೆಯಲ್ಲಿ ಹಿಡಿಯಿರಿ. ಯಾವುದು ಉಳಿದದ್ದು, ಯಾವುದು ಹೊಸದಾಗಿ ಕಟ್ಟಿಕೊಂಡದ್ದು ಎಂಬುದು ಬಟ್ಟೆಯಲ್ಲೇ ಕಾಣುತ್ತದೆ. ಅದನ್ನು ಮರೆಮಾಚದಿರುವುದೇ ಈ ಕೆಲಸದ ಬೆಲೆ.

ಬೆರಕೆ ಎಲ್ಲಿ ಕಾಣುತ್ತದೆ

ಕರ್ನಾಟಕದಲ್ಲಿ ಇದಕ್ಕೆ ಎಲ್ಲರಿಗಿಂತ ಮೊದಲು ನೋಡಬೇಕಾದದ್ದು ಸಿದ್ದಿ ಹೆಣ್ಣುಮಕ್ಕಳ ಕೌದಿ. ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತರಲ್ಪಟ್ಟು, ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಪೀಳಿಗೆ ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ, ಪಕ್ಕದ ಬೆಳಗಾವಿ, ಧಾರವಾಡ ಜಿಲ್ಲೆಗಳ ಅಂಚಿನಲ್ಲಿ ಬದುಕುತ್ತಿದೆ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಸಂತೆಯಲ್ಲಿ ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅವರ ಕೌದಿಯಲ್ಲಿ ಕ್ರೈಸ್ತ ಮನೆಯದಾದರೆ ಶಿಲುಬೆ, ಮುಸ್ಲಿಂ ಮನೆಯದಾದರೆ ಅರ್ಧಚಂದ್ರ ಕಾಣುವುದುಂಟು. ಆದರೆ ಗಮನಿಸಬೇಕಾದದ್ದು ಚಿತ್ರಕ್ಕಿಂತ ಹೆಚ್ಚಾಗಿ ಕಟ್ಟುವ ಕ್ರಮ. ಅಡಿಗೆ ಹಳೆಯ ಹತ್ತಿ ಸೀರೆ ಹಾಸಿ, ಮೂಲೆಯಿಂದ ಶುರುಮಾಡಿ, ಅಂಚಿನ ಸುತ್ತ ತುಂಡು ಹಚ್ಚುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮುಗಿಯುವುದು ನಟ್ಟನಡುವೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಬಟ್ಟೆಯ ಹೂವು ಕೂರಿಸುತ್ತಾರೆ. ಅದನ್ನು ‘ಫುಲ’ ಎನ್ನುತ್ತಾರೆ. ಫುಲ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ.

ಇದರಲ್ಲಿ ಆಫ್ರಿಕಾದ್ದು ಎಷ್ಟು, ದಖ್ಖನ್ನಿನದು ಎಷ್ಟು ಎಂದು ತೂಗಿ ಹೇಳುವವರನ್ನು ನಂಬಬೇಡಿ. ಸವೆದ ಸೀರೆಯನ್ನು ಪದರ ಹಾಕಿ ರನ್ನಿಂಗ್ ಹೊಲಿಗೆಯಲ್ಲಿ ಹಿಡಿಯುವುದು ಉತ್ತರ ಕರ್ನಾಟಕದ ಕೌದಿಗೂ ಮಹಾರಾಷ್ಟ್ರದ ಗೋಧಡಿಗೂ ಸಮಾನ. ಬಣ್ಣಗಳ ಎದ್ದುಕಾಣುವ ಜೋಡಣೆ, ತುಂಡುಗಳ ಏರುಪೇರಾದ ಅಳತೆ, ಮೂಲೆಯ ಹೂವು, ಇವೆಲ್ಲ ಒಟ್ಟಿಗೆ ಸೇರಿ ಸಿದ್ದಿ ಕೌದಿ ಆಗುತ್ತದೆ.

ಅಚ್ಚಿನ ಬಟ್ಟೆಯ ಕಡೆಗೆ ಬಂದರೆ ಕಥೆ ಇನ್ನೂ ಗೋಜಲು. ಇಂದು ‘ಆಫ್ರಿಕನ್ ಪ್ರಿಂಟ್’ ಎಂದು ಜಗತ್ತಿಗೆಲ್ಲ ಗೊತ್ತಿರುವ ವ್ಯಾಕ್ಸ್ ಪ್ರಿಂಟ್ ಜಾವಾದ ಬಾಟಿಕ್‌ನ (ಮೇಣ ಹಚ್ಚಿ ಬಣ್ಣದಲ್ಲಿ ಅದ್ದುವ ಕಲೆಯ) ಯಂತ್ರದ ನಕಲಾಗಿ ಹುಟ್ಟಿದ್ದು. ಡಚ್ಚರು 19ನೇ ಶತಮಾನದಲ್ಲಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸಲು ಹೊರಟರು. ಹೆಲ್ಮಂಡ್ ಊರಿನಲ್ಲಿ 1846ರಲ್ಲಿ ಶುರುವಾದ ವ್ಲಿಸ್ಕೊ ಕಂಪನಿ ಇಂದಿಗೂ ಮಾಡುತ್ತಿದೆ. ಮೇಣದ ಬದಲು ರಾಳವನ್ನು ಬಟ್ಟೆಯ ಎರಡೂ ಬದಿಗೆ ಮುದ್ರಿಸಿ ನೀಲಿಯಲ್ಲಿ ಅದ್ದಿದಾಗ ರಾಳ ಬಿರಿದು, ಬಿರುಕಿನಲ್ಲಿ ಬಣ್ಣ ಇಳಿಯಿತು. ಜಾವಾದವರ ಕಣ್ಣಿಗೆ ದೋಷವಾಗಿ ಕಂಡ ಆ ಬಿರುಕು ಗೆರೆ ಪಶ್ಚಿಮ ಆಫ್ರಿಕಾದ ಮಾರುಕಟ್ಟೆಗೆ ಹಿಡಿಸಿತು. ಜಾವಾದ ಬಾಟಿಕ್ ತಾನೂ ಒಂಟಿಯಾಗಿ ಬೆಳೆದದ್ದಲ್ಲ. ನಮ್ಮ ಕೋರಮಂಡಲ ತೀರದ ಚಿತ್ತಾರದ ಬಟ್ಟೆಗಳು ಶತಮಾನಗಟ್ಟಲೆ ಆ ದ್ವೀಪಗಳಿಗೆ ಹಡಗಿನಲ್ಲಿ ಹೋಗುತ್ತಿದ್ದವು. ಹಾಗಾಗಿ ಒಬ್ಬರ ಅಮ್ಮ ಧಾರವಾಡದವರು, ಅಪ್ಪ ಘಾನಾದವರು ಎಂದಾದರೆ, ಅಪ್ಪನ ಕಡೆಯ ‘ಶುದ್ಧ’ ವಿನ್ಯಾಸ ಹುಡುಕುತ್ತಾ ವರ್ಷ ಕಳೆಯಬೇಕಾಗಿಲ್ಲ. ಅಜ್ಜಿ ಉಟ್ಟದ್ದು ವ್ಯಾಕ್ಸ್ ಪ್ರಿಂಟ್ ಆದರೆ ಅದೇ ಆಕೆಯ ಬಟ್ಟೆ.

ಮುಂದಿನ ವಿವರಣೆಗೆ ಇದೇ ಜೋಡಿಯನ್ನು ಇಟ್ಟುಕೊಳ್ಳೋಣ: ಇರುವುದು ಇಳಕಲ್ ಸೀರೆ, ಮುದ್ರಿಸಬೇಕಾದದ್ದು ವ್ಯಾಕ್ಸ್ ಪ್ರಿಂಟಿನ ಒಂದು ವಿನ್ಯಾಸ. ಕೌದಿಯ ಅಳತೆ 75 × 100 ಸೆಂ.ಮೀ., ಅಂದರೆ ಮಗುವಿಗೆ ಹೊದೆಸುವಷ್ಟು.

ಕತ್ತರಿ ಹಾಕುವ ಮೊದಲು

ಹಳೆಯ ಸೀರೆಯ ಜೀವ ಎಷ್ಟಿದೆ ಎಂದು ನೋಡಿ. ಎರಡೂ ಹೆಬ್ಬೆರಳು ಹತ್ತು ಸೆಂ.ಮೀ. ಅಂತರದಲ್ಲಿಟ್ಟು ಬಟ್ಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಯಿರಿ. ಎಳೆ ಮುರಿಯುವ ಸಣ್ಣ ಸದ್ದು ಬಂದರೆ ಆ ಭಾಗ ಒಂಟಿಯಾಗಿ ಹೊಲಿಗೆ ತಡೆಯದು. ಹಿಂದೆ ತೆಳು ಮಲ್ ಬಟ್ಟೆ ಇಟ್ಟು ಎರಡನ್ನೂ ಒಂದೇ ತುಂಡಾಗಿ ಕತ್ತರಿಸಿ. ಇಳಕಲ್ ಸೀರೆಯ ಒಡಲು ಹತ್ತಿಯದಾಗಿರುವುದು ಸಾಮಾನ್ಯ. ಸೆರಗಿನ ಹಾಸಿನಲ್ಲಿ (ಉದ್ದದ ನೂಲಿನಲ್ಲಿ) ರೇಷ್ಮೆ ಇರುತ್ತದೆ, ಅದನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೂಡುವ ಜಾಗದಲ್ಲಿ ಕತ್ತರಿ ಆಡಿಸಬೇಡಿ, ಕೊಂಡಿ ಬಿಚ್ಚಿಕೊಳ್ಳುತ್ತದೆ. ಕತ್ತರಿಸಲೇಬೇಕಾದರೆ ಎರಡೂ ಬದಿಗೆ ಮಷಿನ್ ಹೊಲಿಗೆ ಹಾಕಿ ಆಮೇಲೆ ಕತ್ತರಿಸಿ.

ಎರಡನೆಯದು ಬಣ್ಣ ಬಿಡುತ್ತದೆಯೇ ಎಂಬ ಪರೀಕ್ಷೆ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಸೀರೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಕೆಂಪು ಅಂಟಿದರೆ ಆ ಸೀರೆ ಪ್ರತಿ ತೊಳೆತಕ್ಕೂ ಪಕ್ಕದ ತಿಳಿ ಬಣ್ಣದ ತುಂಡನ್ನು ಹಾಳುಮಾಡುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮನೆಮಾತು ಇದೆ, ಅದು ನಿಲ್ಲಿಸುವುದಿಲ್ಲ. ಬಣ್ಣ ಬಿಡುವುದು ನಿಲ್ಲುವವರೆಗೆ ತಣ್ಣೀರಿನಲ್ಲಿ ಜಾಲಿಸಿ, ನಿಲ್ಲದಿದ್ದರೆ ಆ ಸೀರೆಯನ್ನು ಕಡು ಬಣ್ಣಗಳ ನಡುವೆಯೇ ಇಡಿ.

ಮುದ್ರಣಕ್ಕೆ ಹೊಸ ಹತ್ತಿ ಬಟ್ಟೆ ಬೇಕು. ತೀರಾ ತೆಳುವೂ ಅಲ್ಲದ, ದಪ್ಪವೂ ಅಲ್ಲದ ಬಿಳಿ ಕ್ಯಾಂಬ್ರಿಕ್ ಒಳ್ಳೆಯದು. ಅಂಗಡಿಯಿಂದ ತಂದ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಣ್ಣ ಅದರ ಮೇಲೆಯೇ ಕೂತು ಮೊದಲ ತೊಳೆತಕ್ಕೆ ಎದ್ದುಹೋಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ 45 ನಿಮಿಷ ಕುದಿಸಿ, ಚೆನ್ನಾಗಿ ಜಾಲಿಸಿ. ಕುದಿಸುವುದರಿಂದ ಇನ್ನೊಂದು ಲಾಭ: ಕುಗ್ಗುವಷ್ಟು ಈಗಲೇ ಕುಗ್ಗುತ್ತದೆ. ಹತ್ತಾರು ವರ್ಷ ತೊಳೆದ ಸೀರೆ ಇನ್ನು ಕುಗ್ಗದು, ಹೊಸ ಬಟ್ಟೆ ಕುಗ್ಗುತ್ತದೆ. ಹಾಗೇ ಜೋಡಿಸಿದರೆ ಮೊದಲ ತೊಳೆತದ ನಂತರ ಸೀರೆಯ ತುಂಡುಗಳು ಉಬ್ಬಿ ನಿಲ್ಲುತ್ತವೆ. ರೇಷ್ಮೆಗೆ ಮಾತ್ರ ಸೋಡಾ ತಾಗಿಸಬೇಡಿ, ನೂಲು ಸತ್ತುಹೋಗುತ್ತದೆ.

ಅಚ್ಚು

ಬಟ್ಟೆ ಅಚ್ಚಿಗೆ ತೇಗ, ಬೀಟೆ ಮರ ಸಾಂಪ್ರದಾಯಿಕ. ಆದರೆ ಮರ ಕೊರೆಯುವುದು ಒಂದು ಕಸುಬು. ಅದನ್ನು ಕಲಿಯಲು ವರ್ಷ ಬೇಕು. ಮನೆಯಲ್ಲಿ ಮಾಡುವವರಿಗೆ 3 ಮಿ.ಮೀ. ದಪ್ಪದ ಲಿನೋಲಿಯಂ ಹಾಳೆ ಸಾಕು. ಕಲಾ ಸಾಮಗ್ರಿ ಅಂಗಡಿಯಲ್ಲಿ ಲಿನೋ ಎಂದು ಕೇಳಿದರೆ ಕೊಡುತ್ತಾರೆ. ಕೊರೆಯುವ ಮೊದಲು ಹತ್ತು ನಿಮಿಷ ಬಿಸಿಲಿಗಿಡಿ, ಮೆತ್ತಗಾಗುತ್ತದೆ. ತಣ್ಣಗಿರುವಾಗ ಅಂಚು ಪುಡಿಯಾಗುತ್ತದೆ. ಗೆರೆಗೆ ‘ವಿ’ ಆಕಾರದ ಉಳಿ, ಜಾಗ ಖಾಲಿ ಮಾಡಲು ‘ಯು’ ಆಕಾರದ್ದು. ಹಾಳೆ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ. ತಿರುವು ಬಂದಾಗ ಉಳಿಯನ್ನು ತಿರುಗಿಸದೆ ಹಾಳೆಯನ್ನು ತಿರುಗಿಸಿ.

ಕಾಗದದ ಲಿನೋ ಮುದ್ರಣ ಮಾಡಿ ಅಭ್ಯಾಸವಿದ್ದವರು ಬಟ್ಟೆಗೆ ಬಂದಾಗ ಎಡವುವುದು ಗೆರೆಯ ದಪ್ಪದಲ್ಲಿ. ಕಾಗದದ ಮೇಲೆ ಅರ್ಧ ಮಿ.ಮೀ. ಗೆರೆ ಚೆನ್ನಾಗಿ ಬೀಳುತ್ತದೆ. ಬಟ್ಟೆಯಲ್ಲಿ ನೂಲಿನ ಏರುತಗ್ಗು ಇರುವುದರಿಂದ ಉಬ್ಬು ಗೆರೆಯೂ ಎರಡು ಗೆರೆಗಳ ನಡುವಿನ ತಗ್ಗೂ 2 ಮಿ.ಮೀ.ಗಿಂತ ಕಡಿಮೆ ಇರಬಾರದು. ಇಲ್ಲವಾದರೆ ತಗ್ಗಿನಲ್ಲಿ ಬಣ್ಣ ತುಂಬಿ ಐದನೆಯ ಒತ್ತಿಗೇ ಎಲ್ಲ ಒಂದೇ ಕಲೆಯಾಗುತ್ತದೆ. ಆಳ ಒಂದೂವರೆ ಮಿ.ಮೀ. ಬೇಕು. ವ್ಯಾಕ್ಸ್ ಪ್ರಿಂಟಿನ ಬಿರುಕು ಗೆರೆ ತರಲು ಖಾಲಿ ಮಾಡುವ ಜಾಗವನ್ನು ಪೂರ್ತಿ ಖಾಲಿ ಮಾಡದೆ, ಅಲ್ಲಲ್ಲಿ ಅಂಕುಡೊಂಕಾಗಿ ಕವಲೊಡೆಯುವ ಸಣ್ಣ ಏಣುಗಳನ್ನು ಬಿಡಿ. ಏಣು ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಅದು ಬಿರುಕಿನಂತೆ ಕಾಣದೆ ಬೇಲಿಯಂತೆ ಕಾಣುತ್ತದೆ. ಒಂದು ತುದಿ ದಪ್ಪ, ಇನ್ನೊಂದು ತುದಿ ಮುರಿದಂತೆ ಇರಲಿ.

ಹೆಸರು ಅಥವಾ ಊರು ಮುದ್ರಿಸುವುದಾದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆಯಬೇಕು. ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದು, ಕಾಗದವನ್ನು ಮಗುಚಿ ಲಿನೋ ಮೇಲಿಟ್ಟು ಉಜ್ಜಿದರೆ ತಾನೇ ತಿರುಗಿ ಕೂರುತ್ತದೆ. ಕನ್ನಡ ಅಕ್ಷರದಲ್ಲಿ ಮೊದಲು ಮುಚ್ಚಿಕೊಳ್ಳುವುದು ಒಳಗಿನ ಗುಂಡು ಜಾಗಗಳು: ಠ, ಥ, ಧ ಇವುಗಳ ಹೊಟ್ಟೆ, ಒತ್ತಕ್ಷರದ ಸುಳಿ. ಮೂಲ ಅಕ್ಷರ ಮೂರು ಸೆಂ.ಮೀ. ಎತ್ತರ ಇದ್ದರೆ ಒತ್ತು ಓದಲು ಬರುತ್ತದೆ. ಅದಕ್ಕಿಂತ ಚಿಕ್ಕದಾಗಿ ‘ಧಾರವಾಡ’ ಎಂದು ಕೊರೆಯಬಹುದು, ‘ಗುಳೇದಗುಡ್ಡ’ ಎಂದು ಕೊರೆಯುವುದು ಕಷ್ಟ.

ಕೊರೆದ ಹಾಳೆಯನ್ನು 12 ಮಿ.ಮೀ. ಪ್ಲೈವುಡ್ ತುಂಡಿಗೆ ಅಂಟಿಸಿ, ಹಿಂದೆ ಹಿಡಿ ಕೂರಿಸಿ. ತೊಳೆಯುವಾಗ ನೀರಿನಲ್ಲಿ ಮುಳುಗಿಸಿ ಇಡಬೇಡಿ. ಹಿಂಬದಿಯ ಸೆಣಬು ನೀರು ಕುಡಿದು ಹಾಳೆ ಬಾಗುತ್ತದೆ. ಸೋಡಾ ನೀರೂ ಬೇಡ. ಲಿನೋ ಅಗಸೆ ಎಣ್ಣೆಯಿಂದ ಮಾಡಿದ್ದು, ಕ್ಷಾರ ಅದನ್ನು ತಿನ್ನುತ್ತದೆ.

ಒಂದು ಅಭಿಪ್ರಾಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕಸೂತಿಯನ್ನು ಅಚ್ಚು ಮಾಡಬೇಡಿ. ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಅವುಗಳ ಚೆಲುವು ಆ ಎಣಿಕೆಯಲ್ಲಿದೆ. ಅಚ್ಚಿನಲ್ಲಿ ಅದು ಬರೀ ಮೆಟ್ಟಿಲು ಗೆರೆ. ಬಟ್ಟೆ ಇರುವ ಕಡೆಯದನ್ನು ಮುದ್ರಿಸಿ ನಕಲು ಮಾಡುವ ಅಗತ್ಯವೂ ಇಲ್ಲ.

ಮುದ್ರಿಸುವುದು

ಗಟ್ಟಿ ಮೇಜಿನ ಮೇಲೆ ಹಳೆಯ ಕಂಬಳಿಯನ್ನು ಎರಡು ಮೂರು ಪದರ ಮಡಚಿ, ಮೇಲೆ ಬಿಳಿ ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿ. ಬರೀ ಹಲಗೆಯ ಮೇಲೆ ಮುದ್ರಿಸಿದರೆ ಅಚ್ಚಿನ ನಡುಭಾಗ ಬೀಳುವುದಿಲ್ಲ. ಮೆತ್ತೆ ಹೆಚ್ಚಾದರೆ ತಗ್ಗಿನ ಜಾಗವೂ ಬಟ್ಟೆಗೆ ತಾಗುತ್ತದೆ. ಬಣ್ಣಕ್ಕೆ ಬಟ್ಟೆ ಮುದ್ರಣದ ಬೈಂಡರ್ 100 ಗ್ರಾಂಗೆ ಪಿಗ್ಮೆಂಟ್ 3ರಿಂದ 5 ಗ್ರಾಂ ಕಲಸಿ. ಹೆಚ್ಚು ಹಾಕಿದರೆ ಬಣ್ಣ ಗಾಢವಾಗುತ್ತದೆ, ಆದರೆ ಉಜ್ಜಿದಾಗ ಕೈಗೆ ಹತ್ತುತ್ತದೆ, ಏಕೆಂದರೆ ಹಿಡಿದಿಡಲು ಬೈಂಡರ್ ಸಾಲದು. ತಟ್ಟೆಯಲ್ಲಿ ಸ್ಪಂಜು, ಅದರ ಮೇಲೆ ತೆಳು ಬಟ್ಟೆ ಹಾಸಿ ಬಣ್ಣ ಸವರಿ. ಅಚ್ಚನ್ನು ಅದಕ್ಕೆ ಎರಡು ಸಲ, ಎರಡು ದಿಕ್ಕಿನಲ್ಲಿ ಮುಟ್ಟಿಸಿ, ಬಟ್ಟೆಯ ಮೇಲೆ ನೇರವಾಗಿ ಇಳಿಸಿ, ಅಂಗೈಯಿಂದ ಒಮ್ಮೆ ಗುದ್ದಿ, ನೇರವಾಗಿ ಎತ್ತಿ.

ಗುರುತಿನ ಸುತ್ತ ಮಸುಕು ನೆರಳು ಬಂದರೆ ಅಚ್ಚು ಅಲುಗಿದೆ ಎಂದರ್ಥ. ಗೆರೆಯ ಅಂಚಿನಲ್ಲಿ ಬಣ್ಣ ಕಟ್ಟೆಯಂತೆ ನಿಂತಿದ್ದರೆ ಬಣ್ಣ ಹೆಚ್ಚು. ಚುಕ್ಕಿ ಚುಕ್ಕಿಯಾಗಿ ಬಿದ್ದರೆ ಬಣ್ಣ ಕಡಿಮೆ, ಇಲ್ಲವೇ ಗಂಜಿ ಪೂರ್ತಿ ಹೋಗಿಲ್ಲ. ಬೇಸಿಗೆಯಲ್ಲಿ ಬಣ್ಣ ಅಚ್ಚಿನ ಮೇಲೇ ಒಣಗಿ ಗೆರೆ ದಪ್ಪವಾಗುತ್ತಾ ಹೋಗುತ್ತದೆ. ಇಪ್ಪತ್ತು ಇಪ್ಪತ್ತೈದು ಒತ್ತಿಗೊಮ್ಮೆ ಒದ್ದೆ ಟೂತ್‌ಬ್ರಷ್‌ನಿಂದ ಉಜ್ಜಿ, ಫ್ಯಾನ್ ಆರಿಸಿ. ಒಂದು ದಿನ ನೆರಳಿನಲ್ಲಿ ಒಣಗಿಸಿ, ಹಿಂಬದಿಯಿಂದ ಹತ್ತಿಯ ಶಾಖಕ್ಕೆ ಇಟ್ಟ ಇಸ್ತ್ರಿಯನ್ನು ಹಬೆಯಿಲ್ಲದೆ ಪ್ರತಿ ಜಾಗಕ್ಕೂ ಮೂರರಿಂದ ಐದು ನಿಮಿಷ ಕೊಡಿ. ಇಸ್ತ್ರಿಯ ಕೆಲಸ ಬೇಗ ಮುಗಿಸಿದವರ ಅಚ್ಚು ತೊಳೆತದಲ್ಲಿ ಮಾಸುತ್ತದೆ, ಆಮೇಲೆ ಅವರು ಬಣ್ಣವನ್ನು ಬೈಯುತ್ತಾರೆ.

ನೈಸರ್ಗಿಕ ಬಣ್ಣದ ಆಸೆ ಇದ್ದರೆ ಕಲಂಕಾರಿಯವರ ದಾರಿ ಇದೆ: ಬಟ್ಟೆಯ ತೂಕದ ಶೇ. 20ರಷ್ಟು ಅಳಲೆಕಾಯಿ ಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿ, ಕಬ್ಬಿಣದ ತುಂಡು ಬೆಲ್ಲದ ನೀರಿನಲ್ಲಿ ಎರಡು ವಾರ ಕೊಳೆತ ರಸವನ್ನು ಹುಣಸೆ ಬೀಜದ ಹಿಟ್ಟಿನಿಂದ ಗಟ್ಟಿ ಮಾಡಿ ಮುದ್ರಿಸಿದರೆ ಒಗರೂ ಕಬ್ಬಿಣವೂ ಸೇರಿ ಕಣ್ಣೆದುರೇ ಕಪ್ಪಾಗುತ್ತದೆ. ಹೊಸ ಬಟ್ಟೆಗೆ ಮಾಡಿ, ಅಜ್ಜಿಯ ಸೀರೆಗೆ ಬೇಡ. ಕಬ್ಬಿಣ ಹತ್ತಿಯನ್ನು ನಿಧಾನವಾಗಿ ತಿನ್ನುತ್ತದೆ. ಮ್ಯೂಸಿಯಂಗಳಲ್ಲಿರುವ ಹಳೆಯ ಚಿಂಟ್ಸ್ (ಚಿತ್ತಾರದ ಹತ್ತಿ) ಬಟ್ಟೆಗಳಲ್ಲಿ ಕಪ್ಪು ಗೆರೆ ಇದ್ದಲ್ಲಿ ಮಾತ್ರ ಬಟ್ಟೆ ಉದುರಿಹೋಗಿರುವುದನ್ನು ನೋಡಬಹುದು. ಅಜ್ಜ ಅಜ್ಜಿಯ ಫೋಟೋವನ್ನೇ ಸೈನೋಟೈಪ್‌ನಲ್ಲಿ (ಬಿಸಿಲಿನಿಂದ ಚಿತ್ರ ಮೂಡಿಸುವ ವಿಧಾನದಲ್ಲಿ) ನೀಲಿಯಾಗಿ ಮುದ್ರಿಸುವವರೂ ಇದ್ದಾರೆ. ಗೋಡೆಗೆ ತೂಗಲು ಸರಿ, ಹೊದೆಯುವ ಕೌದಿಗೆ ಅಲ್ಲ: ಡಿಟರ್ಜೆಂಟಿನ ಕ್ಷಾರ ತಾಗಿದರೆ ಆ ನೀಲಿ ಹಳದಿಯಾಗಿ ಮುಖ ಅಳಿಸಿಹೋಗುತ್ತದೆ.

ಹೊಲಿಗೆ

ಮುದ್ರಿಸುವ ಮೊದಲೇ ಹೊಲಿಗೆಯನ್ನು ನೆನಪಿಡಬೇಕು. ಒಂದು ಸೆಂ.ಮೀ.ಗೊಂದು ಸಾಲು ಹೊಲಿಗೆ ಬರುತ್ತದೆ, ಐದಾರು ಸೆಂ.ಮೀ.ಗಿಂತ ಚಿಕ್ಕ ಚಿತ್ರ ಅದರಡಿ ಕಳೆದುಹೋಗುತ್ತದೆ. ದಟ್ಟವಾಗಿ ಬಣ್ಣ ಮೆತ್ತಿದ ಜಾಗದಲ್ಲಿ ಸೂಜಿ ಸುಲಭವಾಗಿ ಇಳಿಯದು, ಬಿಚ್ಚಿ ಹೊಲಿದರೆ ತೂತು ಹಾಗೇ ಉಳಿಯುತ್ತದೆ. ಆದ್ದರಿಂದ ದೊಡ್ಡ ತುಂಬು ಜಾಗಗಳಿಗಿಂತ ಗೆರೆಯ ಅಚ್ಚು ಕೌದಿಗೆ ಒಗ್ಗುತ್ತದೆ. ಚಿತ್ರ ಪೂರ್ತಿ ಕಾಣಬೇಕೆಂದರೆ ಸುತ್ತ ಒಂದೂವರೆ ಸೆಂ.ಮೀ. ಬಿಟ್ಟು ಕತ್ತರಿಸಿ, ಅಷ್ಟು ಮಡಿಕೆಗೆ ಹೋಗುತ್ತದೆ. ಎಲ್ಲ ತುಂಡಿನಲ್ಲೂ ಪೂರ್ತಿ ಚಿತ್ರ ಇಟ್ಟರೆ ಮಾತ್ರ ಕೌದಿ ಚಿತ್ರಪಟದ ಪಟ್ಟಿಯಾಗುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಡುಗಳನ್ನು ಚಿತ್ರದ ಮೇಲೆಯೇ ಅಡ್ಡಾದಿಡ್ಡಿ ಕತ್ತರಿಸಿ.

ಅಡಿಯ ಸೀರೆಯನ್ನು ಎರಡು ಪದರ ಮಾಡಿ, ಸಿದ್ಧವಾಗಬೇಕಾದ ಅಳತೆಗಿಂತ ಪ್ರತಿ ಬದಿಗೂ ನಾಲ್ಕು ಸೆಂ.ಮೀ. ಹೆಚ್ಚು ಇಟ್ಟು ಕತ್ತರಿಸಿ. ಅದರಲ್ಲಿ ಒಂದೂವರೆ ಅಂಚಿನ ಮಡಿಕೆಗೆ. ಉಳಿದದ್ದು ಹೊಲಿಯುತ್ತಾ ಬಟ್ಟೆ ಸುಕ್ಕಿ ಕಡಿಮೆಯಾಗುವ ಅಳತೆಗೆ. ಅಂಚನ್ನು ಒಳಗೆ ಮಡಚಿ, ಮೊದಲ ತುಂಡಿನ ಹೊರ ಅಂಚನ್ನೂ ಒಂದು ಸೆಂ.ಮೀ. ಮಡಚಿ, ಎರಡು ಮಡಿಕೆಗಳನ್ನು ಮುಖಾಮುಖಿ ಕೂಡಿಸಿ ಮೂಲೆಯಿಂದ ಹೊಲಿಗೆ ಶುರುಮಾಡಿ. ಒಳಮುಖದ ಅಂಚನ್ನು ಮಡಚಬೇಡಿ, ಹಾಗೇ ಬಿಡಿ. ಮುಂದಿನ ತುಂಡಿನ ಮಡಚಿದ ಅಂಚು ಅದನ್ನು ಒಂದೂವರೆ ಸೆಂ.ಮೀ. ಮುಚ್ಚಿಕೊಂಡು ಕೂರುತ್ತದೆ. ಹೀಗೆ ಮೊದಲ ಸುತ್ತು ಮುಗಿಯುವಾಗ ನಾಲ್ಕು ಮೂಲೆಯ ಫುಲಗಳನ್ನೂ ಅಂಚಿನ ಮಡಿಕೆಗಳ ನಡುವೆ ಸಿಕ್ಕಿಸಿಬಿಡಿ: ಹತ್ತು ಸೆಂ.ಮೀ. ಚೌಕದ ತುಂಡನ್ನು ಕರ್ಣಕ್ಕೆ ಒಮ್ಮೆ, ಮತ್ತೊಮ್ಮೆ ಮಡಚಿದರೆ ಸಣ್ಣ ತ್ರಿಕೋನ. ಬಣ್ಣ ಬಣ್ಣದ ಮೂರನ್ನು ಒಂದರ ಮೇಲೊಂದು ಸ್ವಲ್ಪ ಸರಿಸಿ ಇಟ್ಟರೆ ಚೆನ್ನಾಗಿ ಕಾಣುತ್ತದೆ.

ಹೊಲಿಗೆ ನಾಲ್ಕರಿಂದ ಆರು ಮಿ.ಮೀ. ಉದ್ದ, ಸಾಲಿನ ನಡುವೆ ಒಂದು ಸೆಂ.ಮೀ. ಸವೆದ ತುಂಡಿನ ಮೇಲೆ ಅಂತರ ಅರ್ಧಕ್ಕೆ ಇಳಿಸಿ. ದಾರದ ಲೆಕ್ಕ ಸುಲಭ: 75 × 100 ಸೆಂ.ಮೀ. ಕೌದಿಗೆ ಸಾಲುಗಳ ಒಟ್ಟು ಉದ್ದ 75 ಮೀಟರ್. ಬಟ್ಟೆಯ ದಪ್ಪದಲ್ಲಿ ದಾರ ಮೇಲೆ ಕೆಳಗೆ ಹೋಗುವುದಕ್ಕೆ, ಗಂಟಿಗೆ ಎಂದು ಸೇರಿಸಿದರೆ 100 ಮೀಟರ್, ಜೋಡಿ ಎಳೆಯಾದರೆ 200. ಪಾಲಿಯೆಸ್ಟರ್ ದಾರ ಬೇಡ, ಹಳೆಯ ಹತ್ತಿಯನ್ನು ಅದು ಕೊಯ್ಯುತ್ತದೆ. ಒಂದು ಸಲಕ್ಕೆ ಮೊಳಕ್ಕಿಂತ ಸ್ವಲ್ಪ ಹೆಚ್ಚು, 60 ಸೆಂ.ಮೀ. ದಾರ, ಅದಕ್ಕಿಂತ ಉದ್ದವಾದರೆ ಗೋಜಲು.

ಅಂಚಿನಿಂದ ಒಳಗೆ ಬರುವ ಈ ಕ್ರಮದಲ್ಲಿ ದೊಡ್ಡ ಅಪಾಯ ನಡುವಿನ ಉಬ್ಬು. ಮೊದಲ ಎರಡು ಸುತ್ತಿನಲ್ಲಿ ದಾರ ಬಿಗಿ ಎಳೆದರೆ ಅಂಚು ಕುಗ್ಗುತ್ತದೆ, ಅಡಿಯ ಸೀರೆಯ ಹೆಚ್ಚುವರಿ ಬಟ್ಟೆ ಹೋಗಲು ಜಾಗವಿಲ್ಲದೆ ನಡುವೆ ಗುಮ್ಮಟದಂತೆ ಏಳುತ್ತದೆ. ಕೊನೆಯಲ್ಲಿ ಇಸ್ತ್ರಿ ಹಾಕಿ ಸರಿಮಾಡಲಾಗದು. ಪ್ರತಿ ಸಾಲಿನ ಕೊನೆಗೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಲಿಗೆಯ ಉದ್ದಕ್ಕೂ ಒಮ್ಮೆ ಜಗ್ಗಿ, ದಾರ ಸಡಿಲವಾದ ಮೇಲೆ ಗಂಟು ಹಾಕಿ. ಪ್ರತಿ ಸುತ್ತಿಗೊಮ್ಮೆ ನೆಲದ ಮೇಲೆ ಹರಡಿ ಅಡಿಯ ಸೀರೆಯನ್ನು ನಡುವಿನ ಕಡೆಗೆ ಸವರಿ. ನೆರಿಗೆ ಕಂಡರೆ ಆ ಸುತ್ತಿನ ಹೊಲಿಗೆ ಬಿಚ್ಚುವುದು ಈಗ ಸುಲಭ, ಆಮೇಲೆ ಅಲ್ಲ. ನಡುವೆ ಉಳಿದ ಕಿಂಡಿಗೆ ನಾಲ್ಕೂ ಬದಿ ಮಡಚಿದ ತುಂಡೊಂದು ಮುಚ್ಚಳ. ಅದು ಯಾವ ಕಡೆಯದಾಗಬೇಕು ಎಂಬುದನ್ನು ಶುರುವಿನಲ್ಲೇ ತೀರ್ಮಾನಿಸಿ ತೆಗೆದಿಡಿ. ಇಲ್ಲವಾದರೆ ಅಲ್ಲಿಗೆ ಬರುವಷ್ಟರಲ್ಲಿ ಒಳ್ಳೆಯ ತುಂಡುಗಳು ಮುಗಿದಿರುತ್ತವೆ.

ಎರಡು ಬಗೆಯ ಬಟ್ಟೆಯ ಹಂಚಿಕೆಗೆ ಸೂತ್ರವಿಲ್ಲ. ಅರ್ಧಕ್ಕರ್ಧ ಮಾಡಿದರೆ ಚದುರಂಗದ ಹಾಸಾಗುತ್ತದೆ. ಒಂದು ಕಡೆಯದು ಮುಕ್ಕಾಲು, ಇನ್ನೊಂದು ಕಾಲು ಇದ್ದರೆ ಕಡಿಮೆ ಇರುವುದೇ ಕಣ್ಣಿಗೆ ಮೊದಲು ಬೀಳುತ್ತದೆ. ಸೀರೆಯ ಅಂಚಿನ ಗೆರೆಯೊಂದು ಮುದ್ರಿತ ತುಂಡಿನ ಗೆರೆಗೆ ತಾಗಿ ಮುಂದುವರಿದಂತೆ ಎರಡು ಮೂರು ಕಡೆ ಇಟ್ಟರೆ ಸಾಕು, ಉಳಿದದ್ದು ಹೇಗೆ ಬಿದ್ದರೂ ನಡೆಯುತ್ತದೆ.

ಹೊಲಿದು ಮುಗಿದ ಮೇಲೆ ಹಿಂಬದಿಯ ಮೂಲೆಯಲ್ಲಿ ಅಂಗೈಯಷ್ಟು ಬಿಳಿ ತುಂಡು ಹಚ್ಚಿ, ಅಳಿಸದ ಬಟ್ಟೆ ಪೆನ್ನಿನಲ್ಲಿ ಬರೆಯಿರಿ: ಯಾವ ಸೀರೆ, ಯಾರದ್ದು, ಯಾವ ಊರಿನದು, ಯಾವ ತುಂಡುಗಳು ಮುದ್ರಿಸಿದವು, ವಿನ್ಯಾಸ ಎಲ್ಲಿಂದ ತೆಗೆದದ್ದು, ಹೊಲಿದವರು, ವರ್ಷ. ಸಿದ್ದಿ ಸಮುದಾಯದವರಲ್ಲದವರು ಮಾಡಿದ್ದಾದರೆ ‘ಸಿದ್ದಿ ಕ್ರಮದಲ್ಲಿ ಹೊಲಿದ ಕೌದಿ’ ಎಂದೇ ಬರೆಯಿರಿ. ‘ಸಿದ್ದಿ ಕೌದಿ’ ಎಂದು ಬರೆದು ಮಾರಿದರೆ ಆ ಹೆಣ್ಣುಮಕ್ಕಳ ದುಡಿಮೆಯ ಮೇಲೆ ಕೈಹಾಕಿದಂತೆ. ಮೊದಲ ತೊಳೆತ ಕನಿಷ್ಠ ಒಂದು ವಾರ ಬಿಟ್ಟು, ತಣ್ಣೀರಿನಲ್ಲಿ, ಮೆತ್ತನೆಯ ಸೋಪಿನಲ್ಲಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ನೀರು ಹೀರಿಸಿ, ಹಗ್ಗಕ್ಕೆ ತೂಗುಹಾಕದೆ ಚಾಪೆಯ ಮೇಲೆ ನೆರಳಿನಲ್ಲಿ ಹರಡಿ. ಒದ್ದೆ ಕೌದಿಯ ಭಾರಕ್ಕೆ ಹಳೆಯ ಸೀರೆಯ ಎಳೆ ಹಗ್ಗದ ಮೇಲೆಯೇ ಹರಿಯುತ್ತದೆ.